ಕೆಂಚನ ರಿಪೋರ್ಟ್ ಓದಿದ ಮೇಲೆ: ತಿಪ್ಪೇಶಿಗೊಂದು ಪತ್ರ

ಚಿತ್ರದುರ್ಗ

ಗೆಳೆಯ ತಿಪ್ಪೇಶಿ,

ನಿನ್ನ ಬೆಕ್ಕು ಕೆಂಚನ ಉಚ್ಚೆ ಪರೀಕ್ಷೆ ಮಾಡಿಸಿ ನೀನು ವಾಟ್ಸಾಪಿನಲ್ಲಿ ಕಳಿಸಿದ ಲ್ಯಾಬ್ ರಿಪೋರ್ಟ್ ನೋಡಿದೆ. ‘ಟ್ರಿಪಲ್ ಫಾಸ್ಫೇಟ್ ಹರಳು: ಹೇರಳ’ ಅನ್ನೋ ಸಾಲಿಗೆ ಕೆಂಪು ಗೆರೆ ಎಳೆದು, ‘ಕೆಂಚನಿಗೆ ಕಲ್ಲಾಗಿದೆ, ಬಾಳೆದಿಂಡಿನ ರಸ ಶುರು ಮಾಡ್ಲಾ?’ ಅಂತ ಕೇಳಿದ್ದೀಯ. ಬೇಡ ಮಾರಾಯ. ರಸವೂ ಬೇಡ, ಮೆಡಿಕಲ್ ಶಾಪಿನಲ್ಲಿ ಕೊಟ್ಟ ಆ ಸಿರಪ್ಪೂ ಬೇಡ. ಯಾಕೆ ಅನ್ನೋದು ಮುಂದೆ ಬರುತ್ತೆ. ಅದಕ್ಕೂ ಮೊದಲು ಎದ್ದು ಹೋಗಿ ಒಂದು ನೋಡು: ಕೆಂಚ ಈಗ ಉಚ್ಚೆ ಹೊಯ್ಯುತ್ತಿದ್ದಾನಾ ಇಲ್ಲವಾ?

ಮರಳಿನ ತಟ್ಟೆಗೆ ಮೇಲಿಂದ ಮೇಲೆ ಹೋಗಿ ಕೂತು ತಿಣುಕುತ್ತಾನೆ, ಒಂದು ಹನಿಯೂ ಬೀಳಲ್ಲ, ಹಿಂಭಾಗ ನೆಕ್ಕೋದು ನಿಲ್ಲಿಸಲ್ಲ, ಎತ್ತಿಕೊಂಡರೆ ಕೂಗುತ್ತಾನೆ ಅಂತಾದರೆ ಈ ಪತ್ರ ಅಲ್ಲೇ ಬಿಟ್ಟು ಆಟೋ ಹತ್ತು. ರಾತ್ರಿ ಎರಡು ಗಂಟೆಯಾಗಿದ್ದರೂ ಸರಿ, ಬೆಳಗಾಗಲಿ ಅಂತ ಕಾಯಬೇಡ. ಗಂಡು ಬೆಕ್ಕಿನ ಮೂತ್ರನಾಳ ತುದಿಯ ಹತ್ತಿರ ಸುಮಾರು ಒಂದು ಮಿಲಿಮೀಟರಿನಷ್ಟು ಕಿರಿದಾಗುತ್ತೆ. ಅಲ್ಲಿ ಸಿಕ್ಕಿಕೊಳ್ಳೋದು ಯಾವಾಗಲೂ ಕಲ್ಲೇ ಅಲ್ಲ. ಹರಳಿನ ಪುಡಿ ಲೋಳೆಯ ಜೊತೆ ಕಲೆತು ಟೂತ್‌ಪೇಸ್ಟಿನ ಹಾಗೆ ಆದ ಬಿರಡೆಯೂ ಆಗಿರಬಹುದು. ಹೊರಗೆ ಹೋಗದ ಮೂತ್ರದ ಒತ್ತಡ ಕಿಡ್ನಿ ಮೇಲೆ ಬೀಳುತ್ತೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತೆ, ಅದು ಹೃದಯದ ಬಡಿತವನ್ನೇ ಕೆಡಿಸುತ್ತೆ. ಮೊದಲ ದಿನ ಮಂಕು, ವಾಂತಿ. ಎರಡು ಮೂರು ದಿನ ಹೀಗೇ ಬಿಟ್ಟರೆ ಬೆಕ್ಕು ಉಳಿಯಲ್ಲ.

ಇಂಥ ಹೊತ್ತಲ್ಲಿ ಬಹಳ ಮನೆಗಳಲ್ಲಿ ಆಗೋ ತಪ್ಪು ಅಂದರೆ, ತಿಣುಕೋದನ್ನ ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸೋದು. ಇನ್ನೊಂದು, ಕೆಳಹೊಟ್ಟೆ ಮುಟ್ಟಿದಾಗ ನಿಂಬೆಹಣ್ಣಿನಿಂದ ಮೋಸಂಬಿಯಷ್ಟು ಗಾತ್ರದ ಗಟ್ಟಿ ಉಂಡೆ ಸಿಕ್ಕರೆ, ಹಿಸುಕಿದರೆ ಉಚ್ಚೆ ಬರಬಹುದು ಅಂತ ಒತ್ತೋದು. ಅದು ತುಂಬಿ ಬಿಗಿದ ಮೂತ್ರಚೀಲ, ಒತ್ತಿದರೆ ಒಡೆಯಬಹುದು. ನೋವಿಗೆ ಅಂತ ಪ್ಯಾರಾಸಿಟಮಾಲ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡ. ಮನುಷ್ಯರ ಒಂದು ಮಾತ್ರೆ ಬೆಕ್ಕನ್ನ ಕೊಲ್ಲೋಕೆ ಸಾಕು. ಡೈಕ್ಲೋಫಿನಾಕ್ ಕೂಡ ವಿಷವೇ.

ಹೊರಡೋ ಮುಂಚೆ ಫೋನ್ ಮಾಡಿ ಕೇಳು: ‘ಗಂಡು ಬೆಕ್ಕಿಗೆ ಹಾಕೋ ಮೂರೂವರೆ ಫ್ರೆಂಚ್ ಅಳತೆಯ ಕ್ಯಾತಿಟರ್ ಇದೆಯಾ?’ ಕ್ಯಾತಿಟರ್ ಅಂದರೆ ಮೂತ್ರನಾಳಕ್ಕೆ ತೂರಿಸೋ ನಳಿಕೆ, ಫ್ರೆಂಚ್ ಅಂದರೆ ಅದರ ದಪ್ಪದ ಅಳತೆ. ನನ್ನ ಚಿತ್ರದುರ್ಗ, ನಿನ್ನ ದಾವಣಗೆರೆ, ಎರಡೂ ಜಿಲ್ಲೆಯ ಪಶು ಆಸ್ಪತ್ರೆಗಳಿಗೆ ಬರೋದು ಹೆಚ್ಚಾಗಿ ದನ, ಎಮ್ಮೆ, ಕುರಿ. ಬೆಕ್ಕಿನ ನಾಳಕ್ಕೆ ಹೋಗೋ ಸಣ್ಣ ನಳಿಕೆ ಎಲ್ಲ ಕಡೆ ಇರಲ್ಲ. ಮಗುವಿಗೆ ಹಾಲುಣಿಸೋ ಐದನೇ ನಂಬರ್ ನಳಿಕೆ ಕಟ್ಟಿಕೊಂಡ ನಾಳಕ್ಕೆ ದಪ್ಪವಾಗುತ್ತೆ. ಬಲವಂತವಾಗಿ ತೂರಿಸಿದರೆ ನಾಳ ಹರಿಯುತ್ತೆ. ದಾವಣಗೆರೆಯಲ್ಲಿ ಎಲ್ಲೂ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಎರಡು ಗಂಟೆಯ ದಾರಿ. ಮತ್ತು ಕಟ್ಟಿದ್ದು ಬಿಟ್ಟಿತು ಅಂದ ಮಾತ್ರಕ್ಕೆ ಅವತ್ತೇ ಮನೆಗೆ ತರಬೇಡ. ನಳಿಕೆ ಒಂದರಿಂದ ಮೂರು ದಿನ ಒಳಗಿರಬೇಕಾಗುತ್ತೆ. ನಾಳ ತೆರೆದ ಮೇಲೆ ಬೆಕ್ಕು ವಿಪರೀತ ಉಚ್ಚೆ ಹೊಯ್ಯುತ್ತೆ, ಆ ನಷ್ಟ ಡ್ರಿಪ್ಪಿನಲ್ಲಿ ತುಂಬಿಕೊಡಬೇಕು. ಮತ್ತೆ ಕಟ್ಟಿಕೊಳ್ಳೋ ಭಯ ಮೊದಲ ವಾರದಲ್ಲೇ ಹೆಚ್ಚು.

ಕೆಂಚ ಹೊಯ್ಯುತ್ತಿದ್ದಾನೆ ಅಂತಿಟ್ಟುಕೊಂಡು ಮುಂದೆ ಬರೆಯುತ್ತೇನೆ.

ನಿನ್ನ ರಿಪೋರ್ಟಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿದೆ. ಮಾದರಿ ಹಿಡಿದ ಸಮಯ ಬೆಳಿಗ್ಗೆ 6.30, ಲ್ಯಾಬಿಗೆ ಬಂದ ಸಮಯ 11.40. ಐದು ಗಂಟೆ ಶೀಷೆಯಲ್ಲಿ ಕೂತ ಉಚ್ಚೆ. ಬೆಕ್ಕಿನ ಮೂತ್ರ ದೇಹದಿಂದ ಹೊರಬಂದು ತಣ್ಣಗಾಗುತ್ತಿದ್ದಂತೆ, ಅದರಲ್ಲೂ ಫ್ರಿಜ್ಜಿನಲ್ಲಿಟ್ಟರೆ, ಒಳಗೆ ಇಲ್ಲದ ಹರಳೂ ಶೀಷೆಯಲ್ಲೇ ಹುಟ್ಟುತ್ತೆ. ಹೊತ್ತಾದಷ್ಟೂ ಪಿ.ಎಚ್. (ಹುಳಿ-ಕ್ಷಾರದ ಅಳತೆ, ಏರಿದಷ್ಟೂ ಕ್ಷಾರ) ಕೂಡ ಏರುತ್ತೆ. ಹಾಗಾಗಿ ‘ಹೇರಳ’ ಅನ್ನೋ ಪದಕ್ಕೂ, 7.5 ಅನ್ನೋ ಪಿ.ಎಚ್. ಅಂಕಿಗೂ ಅರ್ಧ ಬೆಲೆ ಕೊಡು. ಒಂದು ಗಂಟೆಯೊಳಗೆ ಸೂಕ್ಷ್ಮದರ್ಶಕದ ಕೆಳಗೆ ಹೋದ ಮಾದರಿಯನ್ನ ಮಾತ್ರ ನಂಬಬಹುದು. ಇನ್ನೂ ಒಂದು: ಆರೋಗ್ಯವಾಗಿರೋ ಬೆಕ್ಕಿನ ಉಚ್ಚೆಯಲ್ಲೂ ಈ ಹರಳು ಕಾಣಬಹುದು. ಹರಳು ಅಂದರೆ ಕಲ್ಲಲ್ಲ. ಕಲ್ಲಿದೆಯಾ ಅನ್ನೋದನ್ನ ಹೇಳೋದು ಎಕ್ಸ್-ರೇ ಅಥವಾ ಸ್ಕ್ಯಾನ್.

‘ಸ್ಪೆಸಿಫಿಕ್ ಗ್ರಾವಿಟಿ 1.030’ ಅಂತ ಇನ್ನೊಂದು ಸಾಲಿದೆ ನೋಡು, ಉಚ್ಚೆ ಎಷ್ಟು ಗಟ್ಟಿ ಅನ್ನೋದರ ಅಳತೆ, ಅದೂ ಮೋಸವೇ. ಮನುಷ್ಯರ ಲ್ಯಾಬಿನ ಬಣ್ಣದ ಪಟ್ಟಿ ಅಳೆಯೋದೇ 1.030ರ ತನಕ. ಒಣ ಆಹಾರ ತಿನ್ನೋ ಬೆಕ್ಕಿನ ಉಚ್ಚೆ ಸಲೀಸಾಗಿ 1.050 ದಾಟುತ್ತೆ. ಇದನ್ನ ರಿಫ್ರ್ಯಾಕ್ಟೋಮೀಟರಿನಲ್ಲಿ ಅಳೆಸಬೇಕು. ಕಣ್ಣಿಗೆ ಹಿಡಿದು ಬೆಳಕಿನ ಕಡೆ ನೋಡೋ ಸಣ್ಣ ಕೊಳವೆ ಅದು, ಒಂದು ಹನಿ ಸಾಕು. ‘ಪಸ್ ಸೆಲ್ಸ್’ (ಕೀವಿನ ಕಣ) ಅಂತ ಬರೆದದ್ದೂ ಪಟ್ಟಿ ನೋಡಿ ಬರೆದಿದ್ದರೆ ಲೆಕ್ಕಕ್ಕಿಲ್ಲ. ಆ ಪಟ್ಟಿ ಬೆಕ್ಕಿನ ಉಚ್ಚೆಗೆ ಸುಳ್ಳು ಹೇಳುತ್ತೆ. ಕಣ್ಣಿನಿಂದ ಎಣಿಸಿದ್ದಾ ಅಂತ ಕೇಳು. ವಯಸ್ಸಾಗದ ಗಂಡು ಬೆಕ್ಕಿಗೆ ಮೂತ್ರದ ಸೋಂಕು ಅಪರೂಪ. ಸುಮ್ಮನೆ ಆ್ಯಂಟಿಬಯಾಟಿಕ್ ಬರೆಸಿಕೊಂಡು ಬರಬೇಡ.

ಮುಂದಿನ ಸಲ ಮಾದರಿ ಹಿಡಿಯೋಕೆ ತಟ್ಟೆಯ ಮರಳು ಪೂರ್ತಿ ತೆಗೆದು, ತೊಳೆದು ಒಣಗಿಸಿ, ಅಕ್ವೇರಿಯಂ ಅಂಗಡಿಯಲ್ಲಿ ಸಿಗೋ ನುಣುಪು ಕಲ್ಲು ತೆಳ್ಳಗೆ ಹರಡು. ಅವು ಉಚ್ಚೆ ಹೀರಲ್ಲ. ಹೊಯ್ದ ಕೂಡಲೇ ತಟ್ಟೆ ಓರೆ ಮಾಡಿ, ಸೂಜಿ ತೆಗೆದ ಸಿರಿಂಜಿನಲ್ಲಿ 5 ಮಿಲಿ ಎಳೆದುಕೊಂಡು ಸೀದಾ ಲ್ಯಾಬಿಗೆ. ಸೋಂಕಿನ ಅನುಮಾನ ಇದ್ದರೆ ಇದು ನಡೆಯಲ್ಲ. ಡಾಕ್ಟರೇ ಹೊಟ್ಟೆಯ ಮೂಲಕ ಸೂಜಿ ಹಾಕಿ ತೆಗೆಯಬೇಕು.

ಈಗ ಕಲ್ಲಿನ ಜಾತಿ. ನಿನ್ನ ರಿಪೋರ್ಟಿನ ‘ಟ್ರಿಪಲ್ ಫಾಸ್ಫೇಟ್’ಗೆ ಪಶುವೈದ್ಯರು ಸ್ಟ್ರೂವೈಟ್ ಅಂತಾರೆ: ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಮೂರೂ ಸೇರಿದ್ದು. ಸೂಕ್ಷ್ಮದರ್ಶಕದಲ್ಲಿ ಮೇಲಿಂದ ನೋಡಿದ ಹೆಂಚಿನ ಮಾಡಿನ ಹಾಗೆ ಕಾಣುತ್ತೆ, ನಾಲ್ಕೂ ಕಡೆ ಇಳಿಜಾರು. ಇನ್ನೊಂದು ಕ್ಯಾಲ್ಸಿಯಂ ಆಕ್ಸಲೇಟ್. ಅದರ ಹರಳು ಹಿಂದೆ ಗುಣಾಕಾರದ ಗುರುತಿರೋ ಅಂಚೆ ಲಕೋಟೆಯ ಹಾಗೆ. ಸ್ಟ್ರೂವೈಟ್ ಕ್ಷಾರೀಯ ಮೂತ್ರದಲ್ಲಿ ಬೆಳೆಯುತ್ತೆ, ಆಹಾರ ಬದಲಿಸಿದರೆ ಕರಗುತ್ತೆ. ಆಕ್ಸಲೇಟ್ ಯಾವುದಕ್ಕೂ ಕರಗಲ್ಲ, ಹೆಚ್ಚಾಗಿ ಹೊಟ್ಟೆ ಕೊಯ್ದೇ ತೆಗೆಯಬೇಕು, ತೆಗೆದ ಮೇಲೆ ಚೂರು ಉಳಿದಿಲ್ಲ ಅಂತ ಇನ್ನೊಂದು ಎಕ್ಸ್-ರೇ ನೋಡಬೇಕು. ಆಕ್ಸಲೇಟ್ ಕಲ್ಲು ಹೆಚ್ಚಾಗಿ ವಯಸ್ಸಾದ ಬೆಕ್ಕುಗಳಿಗೆ. ಅಂಥವಕ್ಕೆ ರಕ್ತದ ಕ್ಯಾಲ್ಸಿಯಂ ಕೂಡ ನೋಡಿಸಬೇಕು.

ಸಿರಪ್ ಬೇಡ ಅಂದದ್ದು ಇದಕ್ಕೇ. ಮನುಷ್ಯರ ಕಿಡ್ನಿ ಕಲ್ಲಿಗೆ ಕೊಡೋ ಆ ಸಿಟ್ರೇಟ್ ಸಿರಪ್ಪಿನ ಕೆಲಸವೇ ಮೂತ್ರವನ್ನ ಕ್ಷಾರೀಯ ಮಾಡೋದು. ಮನುಷ್ಯರಲ್ಲಿ ಹೆಚ್ಚಾಗಿ ಆಗೋ ಕಲ್ಲಿನ ಜಾತಿಗೆ ಅದು ಸರಿ. ಸ್ಟ್ರೂವೈಟ್ ಇರೋ ಬೆಕ್ಕಿಗೆ ಕುಡಿಸಿದರೆ ಕಲ್ಲಿಗೇ ಊಟ ಹಾಕಿದ ಹಾಗೆ. ಬಾಳೆದಿಂಡಿನಲ್ಲಿ ಪೊಟ್ಯಾಸಿಯಂ ಇದೆ, ನಾಳ ಕಟ್ಟಿದ ಬೆಕ್ಕಿನಲ್ಲಿ ಅದು ಮೊದಲೇ ಏರಿರುತ್ತೆ. ಮೇಲಾಗಿ ಬಾಯಿ ಅಗಲಿಸಿ ರಸ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯೋ ಅಪಾಯ ಬೇರೆ. ಹಾಗಂತ ಹುಳಿ ಮಾಡೋ ಪುಡಿ, ವಿಟಮಿನ್ ಸಿ ಅಂತ ಇನ್ನೊಂದು ತುದಿಗೂ ಹೋಗಬೇಡ. 1980ರ ದಶಕದಲ್ಲಿ ಬೆಕ್ಕುಗಳಲ್ಲಿ ಸ್ಟ್ರೂವೈಟೇ ಜಾಸ್ತಿ ಇತ್ತು. ಕಂಪನಿಗಳು ಆಹಾರದ ಮೆಗ್ನೀಸಿಯಂ ತಗ್ಗಿಸಿ, ಮೂತ್ರ ಹುಳಿಯಾಗೋ ಹಾಗೆ ಮಾಡಿದವು. ಅದು ಇಳಿಯಿತು, ಆಕ್ಸಲೇಟ್ ಏರಿತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1981ರಿಂದ ಪ್ರಾಣಿಗಳ ಕಲ್ಲು ಪರೀಕ್ಷಿಸೋ ಕೇಂದ್ರವಿದೆ, ಅವರ ಲೆಕ್ಕದಲ್ಲೇ ಈ ಏರಿಳಿತ ಕಾಣುತ್ತೆ.

ನಿಮ್ಮಮ್ಮ ಬೋರ್‌ವೆಲ್ ನೀರಿನ ಮೇಲೆ ಅನುಮಾನ ಪಡುತ್ತಿದ್ದಾರೆ ಅಂದಿದ್ದೀಯ. ನಮ್ಮ ಕಡೆ ಪಾತ್ರೆಯ ತಳದಲ್ಲಿ ಬಿಳಿ ಕಿಟ್ಟ ನೋಡಿದವರಿಗೆಲ್ಲ ಹಾಗನ್ನಿಸೋದು ಸಹಜ. ಆದರೆ ಪಾತ್ರೆಯ ಕಿಟ್ಟ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೋನೇಟ್, ಕೆಂಚನದ್ದು ಮೆಗ್ನೀಸಿಯಂ ಫಾಸ್ಫೇಟ್, ಎರಡೂ ಬೇರೆ. ಕೆಂಚನಿಗೆ ಖನಿಜ ಸಿಗೋದು ಬಹುಪಾಲು ಊಟದಿಂದ. ಕ್ಯಾನ್ ನೀರು ಇಷ್ಟಪಟ್ಟರೆ ಕ್ಯಾನ್ ನೀರು ಇಡು, ನಲ್ಲಿ ನೀರು ಕುಡಿದರೆ ಅದೇ ಇಡು. ಯಾವ ನೀರು ಅನ್ನೋದಲ್ಲ, ಎಷ್ಟು ಅನ್ನೋದು ಪ್ರಶ್ನೆ.

ಲೆಕ್ಕ ಹಾಕೋಣ. ಕೆಂಚ 5 ಕಿಲೋ. ಕಿಲೋಗೆ ದಿನಕ್ಕೆ ಸುಮಾರು 50 ಮಿಲಿ, ಅಂದರೆ ಊಟದ್ದೂ ಸೇರಿ 250 ಮಿಲಿ ನೀರು ದೇಹಕ್ಕೆ ಹೋಗಬೇಕು. ಅವನು ತಿನ್ನೋ ಒಣ ಆಹಾರ 60 ಗ್ರಾಂ, ಅದರಲ್ಲಿ ನೀರು ನೂರಕ್ಕೆ ಹತ್ತು: 6 ಮಿಲಿ. ಉಳಿದದ್ದನ್ನೆಲ್ಲ ಬಟ್ಟಲಿನಿಂದಲೇ ಕುಡಿಯಬೇಕು. ಬೆಕ್ಕು ಕುಡಿಯಲ್ಲ, ಒಣನಾಡಿನ ಪ್ರಾಣಿ ಅದು, ಬಾಯಾರಿಕೆ ಕಡಿಮೆ. ಉಚ್ಚೆ ಗಟ್ಟಿ ಮಾಡಿಕೊಂಡು ದಿನ ತಳ್ಳುತ್ತೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಂತೂ ಕೇಳೋದೇ ಬೇಡ. ಅದೇ 85 ಗ್ರಾಂನ ಒಂದು ಹಸಿ ಆಹಾರದ ಪೌಚಿನಲ್ಲಿ ಹತ್ತಿರ ಹತ್ತಿರ 68 ಮಿಲಿ ನೀರೇ ಇರುತ್ತೆ. ಪೌಚಿಗೆ ದುಡ್ಡು ಹೊಂದದಿದ್ದರೆ ಒಣ ಆಹಾರವನ್ನೇ ನೆನೆಸು: ಒಂದು ಪಾಲಿಗೆ ಎರಡು ಪಾಲು ಉಗುರುಬೆಚ್ಚನೆಯ ನೀರು. 60 ಗ್ರಾಂಗೆ 120 ಮಿಲಿ. ಆದರೆ ಮೊದಲ ದಿನವೇ ಅಷ್ಟು ಸುರಿದರೆ ಮೂತಿ ತಿರುಗಿಸಿ ಹೋಗುತ್ತಾನೆ. ಒಂದು ಹೊತ್ತಿನ ಊಟಕ್ಕೆ ಒಂದು ಟೀ ಚಮಚದಿಂದ ಶುರು ಮಾಡಿ, ಎರಡು ಮೂರು ದಿನಕ್ಕೊಂದು ಚಮಚ ಏರಿಸು. ಕಾಳು ಉಬ್ಬಿ ಮಂಡಕ್ಕಿ ಒಗ್ಗರಣೆಯ ಮಂಡಕ್ಕಿ ಹಾಗೆ ಮೆತ್ತಗಾಗೋಕೆ ಹತ್ತು ನಿಮಿಷ ಸಾಕು. ನಾಲ್ಕು ಹೊತ್ತಿಗೆ ಹಂಚಿ ಹಾಕು, ಬೇಸಿಗೆಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಇಡಬೇಡ, ಹುಳಿತುಹೋಗುತ್ತೆ. ಕೋಳಿ ಬೇಯಿಸಿದ ನೀರು ಬೆರೆಸಬಹುದು, ಆದರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕೋ ಮುಂಚೆ ತೆಗೆದಿಟ್ಟದ್ದು ಮಾತ್ರ. ಈರುಳ್ಳಿ ಬೆಕ್ಕಿನ ರಕ್ತಕಣ ಒಡೆಯುತ್ತೆ, ಹಾಗಾಗಿ ಸಾರು ಕಲಸಿದ ಅನ್ನ ಇನ್ನು ಬೇಡ.

ಎಕ್ಸ್-ರೇಯಲ್ಲಿ ಕಲ್ಲು ಕಂಡು, ಡಾಕ್ಟರು ಸ್ಟ್ರೂವೈಟ್ ಅಂದರೆ ಕರಗಿಸೋ ಆಹಾರ ಬರೆದುಕೊಡುತ್ತಾರೆ. ರಾಯಲ್ ಕ್ಯಾನಿನ್ ಯೂರಿನರಿ ಎಸ್/ಒ, ಹಿಲ್ಸ್ ಸಿ/ಡಿ ಅಂಥವು. ಇದು ಔಷಧದ ಲೆಕ್ಕ. ನಿಮ್ಮ ಮನೆಯಲ್ಲಿ ಸೋಲುವುದು ಇಲ್ಲೇ ಅನ್ನೋದು ನನ್ನ ಅಂದಾಜು: ನೀನು ಅಳತೆ ಮಾಡಿ ಹಾಕುತ್ತೀಯ, ಮಧ್ಯಾಹ್ನ ಅಮ್ಮ ‘ಪಾಪ’ ಅಂತ ಹಾಲನ್ನ ಇಡುತ್ತಾರೆ, ಪಕ್ಕದ ಮನೆಯವರು ಒಣಮೀನಿನ ತಲೆ ಎಸೆಯುತ್ತಾರೆ. ಒಣಮೀನಿನ ಮೂಳೆ ತುಂಬ ಫಾಸ್ಫೇಟ್. ಎರಡು ತುಂಡು ದಿನಾ ಹೋದರೆ ಸಾವಿರಾರು ರೂಪಾಯಿಯ ಆಹಾರ ನೀರಿಗೆ ಹೋಮ. ಕರಗೋ ತನಕ ಅದೊಂದೇ, ಬೇರೆ ಏನೂ ಇಲ್ಲ. ಹಳೆಯದರಿಂದ ಹೊಸದಕ್ಕೆ ಒಂದು ವಾರದಲ್ಲಿ ಬದಲಿಸು. ಹಟ ಮಾಡಿ ಒಂದು ದಿನ ಪೂರ್ತಿ ಉಪವಾಸ ಕೂತರೆ ಸೋತುಕೊಡು. ದಪ್ಪ ಬೆಕ್ಕು ಉಪವಾಸ ಬಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಇನ್ನೊಂದು ರೋಗವಾಗುತ್ತೆ. ಕಿಡ್ನಿ ಅಥವಾ ಹೃದಯದ ತೊಂದರೆ ಇರೋ ಬೆಕ್ಕಿಗೆ ಈ ಆಹಾರ ಕೇಳದೆ ಹಾಕೋ ಹಾಗಿಲ್ಲ.

ಸಾಮಾನ್ಯವಾಗಿ ಎರಡರಿಂದ ಐದು ವಾರದಲ್ಲಿ ಕಲ್ಲು ಕರಗುತ್ತೆ. ನಾಲ್ಕು ವಾರಕ್ಕೂ ಎಕ್ಸ್-ರೇಯಲ್ಲಿ ಒಂದಿಷ್ಟೂ ಸಣ್ಣದಾಗಿಲ್ಲ ಅಂದರೆ ಹೆಚ್ಚಾಗಿ ಎರಡು ಕಾರಣ: ಅದು ಸ್ಟ್ರೂವೈಟ್ ಅಲ್ಲ, ಇಲ್ಲಾ ಯಾರೋ ಒಣಮೀನು ಹಾಕುತ್ತಿದ್ದಾರೆ. ಕರಗಿ ಸಣ್ಣದಾಗೋ ಹೊತ್ತಲ್ಲೇ ಕಲ್ಲು ಜಾರಿ ನಾಳಕ್ಕೆ ಸಿಕ್ಕಿಕೊಳ್ಳಬಹುದು, ಹಾಗಾಗಿ ಆಗ ಇನ್ನೂ ಹುಷಾರು. ಕಲ್ಲು ಕಣ್ಮರೆಯಾದ ಮೇಲೂ ಎರಡರಿಂದ ನಾಲ್ಕು ವಾರ ಅದೇ ಆಹಾರ ಮುಂದುವರಿಸಬೇಕು. ಆಮೇಲೆ ನಿನ್ನ ಗುರಿ ಒಂದೇ ಅಂಕಿ: ರಿಫ್ರ್ಯಾಕ್ಟೋಮೀಟರಿನಲ್ಲಿ 1.030ಕ್ಕಿಂತ ಕೆಳಗೆ.

ತಟ್ಟೆಗೆ ಮರಳಿನ ಬದಲು ಉಂಡೆಗಟ್ಟೋ ಬೆಂಟೊನೈಟ್ ಲಿಟರ್ (ಉಚ್ಚೆ ಹೀರೋ ಜೇಡಿಮಣ್ಣಿನ ಪುಡಿ) ತಗೋ. ಸೋಸುವಾಗ ಎಣಿಸು. ದಿನಕ್ಕೆ ಎರಡರಿಂದ ನಾಲ್ಕು, ನಿಂಬೆಹಣ್ಣಿನಷ್ಟೋ ಅದಕ್ಕೂ ದೊಡ್ಡದೋ ಉಂಡೆ ಸಿಕ್ಕರೆ ಸರಿ. ನೀರು ಹೆಚ್ಚಾದಂತೆ ಉಂಡೆ ದಪ್ಪವಾಗುತ್ತೆ, ಅದೇ ನಿನಗೆ ಲ್ಯಾಬು. ಒಂದು ದಿನ ಇದ್ದಕ್ಕಿದ್ದಂತೆ ಗೋಲಿಯಷ್ಟಷ್ಟೇ ಎಂಟು ಹತ್ತು ಸಿಕ್ಕರೆ ಒಳಗೆ ಉರಿಯುತ್ತಿದೆ ಅಂತ ಅರ್ಥ. ಏನೂ ಸಿಗದಿದ್ದರೆ, ಮೇಲೆ ಬರೆದ ಆಟೋ.

ಎಕ್ಸ್-ರೇಯಲ್ಲಿ ಏನೂ ಕಾಣದೇ ಇರಬಹುದು, ಅದಕ್ಕೂ ತಯಾರಾಗಿರು. ಹೀಗೆ ತಿಣುಕೋ ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಲ್ಲೂ ಇರಲ್ಲ, ಸೋಂಕೂ ಇರಲ್ಲ. ಗಾಬರಿ, ಕಿರಿಕಿರಿಯಿಂದ ಮೂತ್ರಚೀಲ ತಾನಾಗೇ ಊದಿಕೊಳ್ಳುತ್ತೆ. ದುಗ್ಗಮ್ಮನ ಜಾತ್ರೆಗೆ ನಿಮ್ಮನೆಗೆ ಬರೋ ನೆಂಟರ ಸಾಲು, ಡೊಳ್ಳು, ತಟ್ಟೆ ಇಟ್ಟ ಬಚ್ಚಲಿನ ಮುಂದೆ ಇಡೀ ದಿನ ಜನ. ಅಂಥ ದಿನಗಳಲ್ಲಿ ಮಹಡಿ ಕೋಣೆಯಲ್ಲಿ ಅವನಿಗೆ ನೀರು, ಊಟ, ತಟ್ಟೆ ಒಂದಕ್ಕೊಂದು ದೂರ ಇಟ್ಟು ಬಾಗಿಲು ಹಾಕು. ಒಂದು ಬೆಕ್ಕಿಗೆ ಎರಡು ತಟ್ಟೆ, ಎರಡು ಬೆಕ್ಕಿಗೆ ಮೂರು.

ನಾಳೆ ಎಕ್ಸ್-ರೇಗೆ ಹೋದಾಗ ಒಂದು ಮಾತು ಹೇಳಿ ತೆಗೆಸು. ಮಗ್ಗುಲಾಗಿ ಮಲಗಿಸಿ, ಹೊಟ್ಟೆಯಷ್ಟೇ ಅಲ್ಲ, ಬಾಲದ ಬುಡದ ತನಕ, ನಾಳದ ತುದಿಯೂ ಫಿಲ್ಮಿನಲ್ಲಿ ಬರಬೇಕು. ಹೆಚ್ಚಿನವರು ಸೊಂಟದ ಹತ್ತಿರ ಕತ್ತರಿಸಿಬಿಡುತ್ತಾರೆ, ಸಿಕ್ಕಿಕೊಂಡ ಕಲ್ಲು ಅದರಾಚೆ ಇರುತ್ತೆ. ತೆಗೆದ ಮೇಲೆ ಫೋಟೋ ಕಳಿಸು, ಬೆಳಕಿಗೆ ಹಿಡಿದು ತೆಗೆ, ಟ್ಯೂಬ್‌ಲೈಟಿನ ಪ್ರತಿಬಿಂಬ ಬೀಳದ ಹಾಗೆ.

ನಿನ್ನ
ಗೆಳೆಯ