‘ಸಿಗರೇಟು ಬಿಡಿ’ ಅಂದರೆ ಸಾಲದು

ಮಾನ್ಯರೇ,

ಆಸ್ಪತ್ರೆಗೆ ಸೇರಿದ ರೋಗಿಗೆ ‘ಸಿಗರೇಟು ಬಿಡಿ’ ಅನ್ನುವವರು ಜಾಸ್ತಿ, ಹೇಗೆ ಬಿಡಬೇಕು ಅಂತ ಹೇಳುವವರು ಕಡಿಮೆ. ಬಿಟ್ಟ ಮೊದಲ 2–3 ದಿನ ಚಡಪಡಿಕೆ, ಸಿಟ್ಟು, ನಿದ್ದೆಗೇಡು ಜೋರಾಗಿರುತ್ತವೆ. ಅದು ಹಟವಲ್ಲ, ತಂಬಾಕಿನ ಚಟ ಹಿಡಿಸುವ ನಿಕೋಟಿನ್ ಸಿಗದ ದೇಹದ ಕಷ್ಟ. ಸುಮ್ನೆ ಗದರಿದರೆ ಏನು ಬಂತು? ಆಗಲೇ ವೈದ್ಯರು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಅಥವಾ ಜಗಿಯುವ ನಿಕೋಟಿನ್ ಗಮ್ ಕೊಟ್ಟರೆ ತಡೆದುಕೊಳ್ಳಬಹುದು. ಹೇಗಿದ್ದರೂ ವಾರ್ಡಿನಲ್ಲಿ ಸೇದುವ ಹಾಗಿಲ್ಲ, ಕಾಯಿಲೆಯ ಭಯವೂ ಇರುತ್ತದೆ. ಬಿಡಲು ಒಳ್ಳೆ ಸಮಯ ಅಲ್ವಾ?

ಎಡವುವುದು ಮನೆಗೆ ಹೋದ ಮೇಲೆ. ಆಸ್ಪತ್ರೆಯಲ್ಲಿ ಶುರುವಾದ ಸಲಹೆ ಡಿಸ್ಚಾರ್ಜ್ ಆದ ಮೇಲೂ ಕನಿಷ್ಠ 1 ತಿಂಗಳು ಮುಂದುವರಿದರೆ ಹೆಚ್ಚು ಜನ ಬಿಡುತ್ತಾರೆ ಎಂದು ಅಧ್ಯಯನಗಳು ತೋರಿಸಿವೆ. ವಾರಕ್ಕೊಂದು ಫೋನ್ ಕರೆ ಮಾಡಿದರೂ ಆದೀತು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಜತೆ ಆ ಕರೆಯ ದಿನಾಂಕವನ್ನೂ ಬರೆದುಕೊಡಲಿ.

– ಒಬ್ಬ ಓದುಗ