ಲಕ್ವಾ ಹೊಡೆದರೆ ಮೊದಲು ಯಾವ ಆಸ್ಪತ್ರೆಗೆ?

ಲಕ್ವಾ (ಪಾರ್ಶ್ವವಾಯು) ಹೊಡೆದವರನ್ನು ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಗಳಲ್ಲಿ ಇಂದಿಗೂ ತಡವಾಗಿಯೇ ಸರಿಯಾದ ಆಸ್ಪತ್ರೆಗೆ ಒಯ್ಯಲಾಗುತ್ತಿದೆ. ಹೋದ ವರ್ಷ ನಮ್ಮ ಕಾಕಾ ಬೆಳಗಿನ ಚಹಾ ಕುಡಿಯುತ್ತ ಕುಳಿತಿದ್ದರು. ಬಲಗೈಯಿಂದ ಬಸಿ ಜಾರಿ ಬಿತ್ತು. ಬಾಯಿ ಒಂದು ಕಡೆ ಸೊಟ್ಟಗಾಯಿತು, ಮಾತು ತೊದಲಿತು. ಗಾಳಿ ಬಡಿದಿದೆ ಎಂದುಕೊಂಡು ಎಣ್ಣೆ ತಿಕ್ಕಿದೆವು, ನಾಟಿ ಔಷಧಿಗೆಂದು ಪಕ್ಕದ ಊರಿಗೆ ಒಯ್ದೆವು. ದೊಡ್ಡಾಸ್ಪತ್ರೆ ಮುಟ್ಟುವಾಗ ಸಂಜೆಯಾಗಿತ್ತು. ಆ ಕೈ ಇನ್ನೂ ಮೇಲೇಳುವುದಿಲ್ಲ.

ಲಕ್ವಾ ಹೊಡೆದಾಗ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಏಕೆಂದರೆ ಮೆದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಅದೇ ಇಂಜೆಕ್ಷನ್ ಜೀವಕ್ಕೆ ಕುತ್ತು. ಸಿಂದಗಿಯಿಂದ ವಿಜಯಪುರಕ್ಕೇ ಸುಮಾರು 60 ಕಿ.ಮೀ. ಸ್ಕ್ಯಾನ್ ಇಲ್ಲದ ಕಡೆ ಸುಮ್ನೆ ಅಲೆದರೆ ಹೊತ್ತು ಎಲ್ಲಿ ಉಳಿಯುತ್ತದೆ?

ಹಗಲು ರಾತ್ರಿ ಸ್ಕ್ಯಾನ್ ಮತ್ತು ಈ ಇಂಜೆಕ್ಷನ್ ಎರಡೂ ಸಿಗುವ ಆಸ್ಪತ್ರೆಗಳ ಪಟ್ಟಿಯನ್ನು ಆರೋಗ್ಯ ಇಲಾಖೆ 108 ಸಿಬ್ಬಂದಿಗೆ, ಆಶಾ ಕಾರ್ಯಕರ್ತೆಯರಿಗೆ ಕೊಡಲಿ. ಲಕ್ವಾದ ಲಕ್ಷಣಗಳ ಜೊತೆಗೆ ಅದನ್ನು ಪ್ರತಿ ಪಂಚಾಯಿತಿಯ ಗೋಡೆಯ ಮೇಲೂ ದೊಡ್ಡ ಅಕ್ಷರದಲ್ಲಿ ಬರೆಸಲಿ.

– ಓದುಗ, ಸಿಂದಗಿ ತಾಲ್ಲೂಕು