ಕೂಡಿಡುವುದು ಅಪನಂಬಿಕೆಯೇ?

ಮಾನ್ಯ ಸಂಪಾದಕರೇ,

ವಿಪತ್ತಿಗೆ ಮೊದಲೇ ಸಿದ್ಧರಾಗಿರುವ ಮಾತು ಬಂದಾಗಲೆಲ್ಲ ಕ್ರೈಸ್ತ ಸಭೆಗಳಲ್ಲಿ ಯಾರಾದರೊಬ್ಬರು ಬೈಬಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯವನ್ನು ಮುಂದಿಡುತ್ತಾರೆ. ನಾಳೆಯ ಚಿಂತೆ ಬೇಡವೆಂದು ಯೇಸುವೇ ಹೇಳಿರುವಾಗ ನೀರು, ಔಷಧಿ, ದವಸಗಳನ್ನು ಕೂಡಿಡುವುದು ಅಪನಂಬಿಕೆಯಲ್ಲವೇ ಎಂಬುದು ಅವರ ಆಕ್ಷೇಪ. ಭಕ್ತಿಯಿಂದಲೇ ಹುಟ್ಟಿದ ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅಲ್ಲಿ ಬೇಡವೆಂದಿರುವುದು ಮನಸ್ಸನ್ನು ಕೊರೆಯುವ ಕಳವಳವನ್ನೇ ಹೊರತು ಮುಂದಾಲೋಚನೆಯನ್ನಲ್ಲ. ಅದೇ ಸುವಾರ್ತೆಯ 25ನೇ ಅಧ್ಯಾಯದಲ್ಲಿ, ಮದುಮಗನನ್ನು ಎದುರುಗೊಳ್ಳಲು ದೀಪದ ಜೊತೆಗೆ ಪಾತ್ರೆಯಲ್ಲಿ ಎಣ್ಣೆಯನ್ನೂ ಒಯ್ದ ಐವರು ಕನ್ಯೆಯರನ್ನು ಬುದ್ಧಿವಂತೆಯರೆಂದವನೂ ಯೇಸುವೇ.

ಕೂಡಿಡಬೇಕೋ ಬೇಡವೋ ಎಂಬುದಕ್ಕಿಂತ, ಯಾರಿಗಾಗಿ ಎಂಬ ಪ್ರಶ್ನೆಯೇ ಬೈಬಲಿನಲ್ಲಿ ದೊಡ್ಡದು. ಐಗುಪ್ತದ (ಈಜಿಪ್ಟಿನ) ಅರಸನ ಅಧಿಕಾರಿಯಾಗಿದ್ದ ಯೋಸೇಫನು ಸುಭಿಕ್ಷದ 7 ವರ್ಷಗಳ ಬೆಳೆಯಲ್ಲಿ ಐದನೆಯ ಒಂದು ಪಾಲನ್ನು ಸಂಗ್ರಹಿಸಿ, ಬರಗಾಲದಲ್ಲಿ ಐಗುಪ್ತದ ಕಣಜಗಳನ್ನು ಜನರಿಗಾಗಿ ತೆರೆದನು (ಪುಕ್ಕಟೆಯಾಗಿ ಕೊಡಲಿಲ್ಲ, ಮಾರಿದನು ಎಂಬುದನ್ನು ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಹೇಳುವುದಿಲ್ಲ). ಲೂಕನ ಸುವಾರ್ತೆಯ ಐಶ್ವರ್ಯವಂತನಾದರೋ ತನ್ನ ಸುಖಕ್ಕೆಂದೇ ಇನ್ನೂ ದೊಡ್ಡ ಕಣಜಗಳನ್ನು ಕಟ್ಟಿಸಲು ಹೊರಟು ಬುದ್ಧಿಹೀನನೆನಿಸಿಕೊಂಡನು. ಇವರಿಬ್ಬರಿಗಿಂತಲೂ ನನಗೆ ಹತ್ತಿರವೆನಿಸುವವರು ಅಂತಿಯೋಕ್ಯ ಪಟ್ಟಣದಲ್ಲಿದ್ದ ಯೇಸುವಿನ ಶಿಷ್ಯರು: ಕ್ಷಾಮ ಬರಲಿದೆಯೆಂದು ಪ್ರವಾದಿಯಾದ ಅಗಬನು ಮುಂತಿಳಿಸಿದಾಗ, ಅವರು ಪ್ರತಿಯೊಬ್ಬರೂ ಶಕ್ತ್ಯನುಸಾರ ಕೊಟ್ಟದ್ದನ್ನು ಬಾರ್ನಬ ಮತ್ತು ಸೌಲರ (ಮುಂದೆ ಪೌಲನೆನಿಸಿದವನು) ಕೈಯಲ್ಲಿ ಯೂದಾಯ ಪ್ರಾಂತ್ಯದ ಸಹವಿಶ್ವಾಸಿಗಳಿಗೆ ಕಳುಹಿಸಿದರೆಂದು ಅಪೊಸ್ತಲರ ಕೃತ್ಯಗಳ 11ನೇ ಅಧ್ಯಾಯ ಹೇಳುತ್ತದೆ.

ಮನೆಯ ಮಟ್ಟದ ಸಿದ್ಧತೆ ಅಷ್ಟೇನೂ ಕಷ್ಟದ್ದಲ್ಲ. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರಿನಂತೆ ಕನಿಷ್ಠ 3 ದಿನಗಳ ನೀರು, ಬೇಯಿಸದೆ ತಿನ್ನಬಹುದಾದ ಆಹಾರ, ನಿತ್ಯ ಸೇವಿಸುವ ಔಷಧಿ, ಟಾರ್ಚು, ನೀರು ತಾಗದ ಚೀಲದಲ್ಲಿ ದಾಖಲೆಗಳ ಪ್ರತಿ ಇದ್ದರೆ ಆರಂಭಕ್ಕೆ ಸಾಕು. ಸಭೆಯ ಮಟ್ಟದಲ್ಲೇ ನಾವು ಸೋತಿರುವುದು. ನಾನು ಹೋಗುವ ದೇವಾಲಯದಲ್ಲಿ ಬೆಂಕಿ ಆರಿಸುವ ಸಿಲಿಂಡರು ಒಂದರ ಮೇಲೊಂದು ಪೇರಿಸಿಟ್ಟ ಕುರ್ಚಿಗಳ ಹಿಂದೆ ಅಡಗಿತ್ತು. ಕುರ್ಚಿಗಳನ್ನು ಸರಿಸಿ ನೋಡಿದರೆ ಅದರ ಒತ್ತಡದ ಮುಳ್ಳು ಹಸಿರು ಪಟ್ಟಿಯಿಂದ ಕೆಂಪಿಗೆ ಇಳಿದಿತ್ತು. ಪಕ್ಕದ ಬಾಗಿಲಿಗೆ ಬೀಗ ಹಾಕಿತ್ತು. ಕೀಲಿಕೈ ಇಟ್ಟುಕೊಂಡಿದ್ದವರು ಅಂದು ಆರಾಧನೆಗೇ ಬಂದಿರಲಿಲ್ಲ.

ಸಭಾಪಾಲಕರಲ್ಲಿ ಮತ್ತು ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಒಂಟಿಯಾಗಿ ಬದುಕುವ ವೃದ್ಧರು, ಹಾಸಿಗೆ ಹಿಡಿದವರು, ತಂಪಿನಲ್ಲಿಡಬೇಕಾದ ಇನ್ಸುಲಿನ್ ಅಥವಾ ವಿದ್ಯುತ್ತಿನಿಂದ ನಡೆಯುವ ಆಮ್ಲಜನಕ ಯಂತ್ರವನ್ನು ನೆಚ್ಚಿಕೊಂಡವರು ಯಾರೆಂಬುದನ್ನು ಅವರ ಒಪ್ಪಿಗೆ ಪಡೆದು ಕಾಗದದ ಮೇಲೆ ಬರೆದಿಡಬೇಕು, ಏಕೆಂದರೆ ಕರೆಂಟು ಹೋದ ಎರಡನೆಯ ದಿನ ಮೊಬೈಲಿನಲ್ಲಿರುವ ಪಟ್ಟಿ ಯಾರಿಗೂ ಸಿಗುವುದಿಲ್ಲ. ಪ್ರತಿಯೊಂದು ಹೆಸರಿನ ಎದುರಿಗೂ, ನಡೆದೇ ಅವರ ಮನೆ ತಲುಪಬಲ್ಲ ಇಬ್ಬರ ಹೆಸರಿರಲಿ. ಆ ಪಟ್ಟಿಯಲ್ಲಿ ನಮ್ಮ ಸಭೆಗೆ ಸೇರದ ನೆರೆಯವರಿಗೂ ಜಾಗವಿರಲಿ.

ಇತಿ,
ಒಬ್ಬ ಸಭಾಸದಸ್ಯ